ಐದು ಸ್ಕ್ರೀನ್‌ಶಾಟ್, ಒಂದು ಲಗ್ನಪತ್ರಿಕೆ

ಬೆಟಗೇರಿಯ ಹೊಂಬಳ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಒಂದು ಕಟ್ಟಳೆ ಇತ್ತು. ಲಗ್ನಪತ್ರಿಕೆಯ ಕರಡನ್ನು ಮದುಮಗಳ ಫೋನಿಗೊಮ್ಮೆ, ಮದುಮಗನ ಫೋನಿಗೊಮ್ಮೆ ಕಳಿಸುವುದು. ಇಬ್ಬರೂ ಅದನ್ನು ತೆರೆದು ಓದಿ, ಸ್ಕ್ರೀನ್‌ಶಾಟ್ ತೆಗೆದು, ಕೆಳಗೆ ‘ಸರಿ ಇದೆ’ ಎಂದು ಬರೆದು ವಾಪಸು ಕಳಿಸಬೇಕು. ಎರಡೂ ಬಂದ ಮೇಲೆಯೇ ಮಷೀನು ತಿರುಗುವುದು. ಹಿಂದೊಮ್ಮೆ ನರಗುಂದದ ಕಡೆಯ ಒಂದು ಮನೆತನದವರು, ಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋಯಿತೆಂದು ಅಂಗಡಿಗೇ ಬಂದು ಕೂತು, ‘ನಾವು ಒಪ್ಪಿದ ಕರಡು ಇದಲ್ಲವೇ ಅಲ್ಲ’ ಎಂದು ಮೂರು ದಿನ ಜಗಳ ತೆಗೆದಿದ್ದರು. ಅಂದಿನಿಂದ ಈ ಕಟ್ಟಳೆ. ಮಾಡಿದವನು ಈಗ ಪ್ರೆಸ್ ನಡೆಸುವ ದಾನಮ್ಮನ ಗಂಡ. ಅವನು ತೀರಿಹೋಗಿ ಒಂಬತ್ತು ವರ್ಷವಾದರೂ ದಾನಮ್ಮ ಅದನ್ನು ಯಾರಿಗೂ ಸಡಿಲಿಸಿರಲಿಲ್ಲ. ಈಗ ಸ್ವಂತ ಮಗಳು ಗಂಗಾಂಬಿಕಾಳ ಲಗ್ನಪತ್ರಿಕೆಗೂ ಸಡಿಲಿಸಲಿಲ್ಲ. ಮನೆಯವರಿಗೊಂದು ಊರವರಿಗೊಂದು ನ್ಯಾಯ ಮಾಡಿದರೆ ಅಂಗಡಿ ನಡೆಯುತ್ತದೆಯೇ?

ಹಾಗಾಗಿ ಶುಕ್ರವಾರ ಬೆಳಿಗ್ಗೆ, ಅದೇ ಕೋಣೆಯಲ್ಲಿ ಹತ್ತು ಹೆಜ್ಜೆ ಆಚೆ ಕಂಪ್ಯೂಟರಿನ ಮುಂದೆ ಕೂತಿದ್ದ ಮಗಳ ಫೋನಿಗೆ ದಾನಮ್ಮ ಕರಡು ಕಳಿಸಿದಳು. ವಿಜಯಪುರದಲ್ಲಿದ್ದ ಮದುಮಗ ಶಿವಯೋಗಿಗೂ ಕಳಿಸಿದಳು. ಶಿವಯೋಗಿಯ ಸ್ಕ್ರೀನ್‌ಶಾಟ್ ಅರ್ಧ ತಾಸಿನಲ್ಲಿ ಬಂತು. ಅವನದು ಹಳೆಯ ಫೋನು. ಪುಟ ಮೂಲೆಯಿಂದ ಮೂಲೆಗೆ ಸ್ಪಷ್ಟವಾಗಿತ್ತು. ಮಗಳದೂ ಬಂತು. ದಾನಮ್ಮ ಅದನ್ನು ನೋಡಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

“ಗಂಗೂ, ಏನಿದು ಕಳಿಸೀದಿ?”

“ಕರಡಿಂದ ಸ್ಕ್ರೀನ್‌ಶಾಟ್.”

“ಎಲ್ಲೈತಿ ಕರಡು? ಇಬತ್ತಿ ಬಳಿದಂಗೈತಲ್ಲ!”

ನಿಜಕ್ಕೂ ಹಾಗೇ ಇತ್ತು. ಪುಟದ ತುಂಬ ಬೂದುಬಣ್ಣದ ಮಸುಕು. ದೇವರ ಹೆಸರು, ಮದುಮಕ್ಕಳ ಹೆಸರು, ಮುಹೂರ್ತ, ಬಂಧುಬಳಗ ಎಲ್ಲ ನೀರು ಬಿದ್ದ ಮಸಿಯಂತೆ ಹರಡಿಕೊಂಡಿದ್ದವು. ಕೆಳಗೆ, ತೀರ ಕೆಳಗೆ, ಓದಬೇಕೆಂದು ಯಾರೂ ಓದದ ಸಣ್ಣಕ್ಷರದ ಒಂದೇ ಒಂದು ಸಾಲು ಮಾತ್ರ ಸೂಜಿಯಲ್ಲಿ ಕೊರೆದಂತೆ ನಿಚ್ಚಳವಾಗಿತ್ತು: ‘ಮುದ್ರಣ: ಹೊಂಬಳ ಪ್ರಿಂಟಿಂಗ್ ಪ್ರೆಸ್, ಬೆಟಗೇರಿ.’

ಗಂಗಾಂಬಿಕಾ ಎದ್ದು ಬಂದು ತನ್ನ ಫೋನನ್ನು ತಾಯಿಯ ಮುಂದೆ ಹಿಡಿದಳು. “ನನ್ನ ಫೋನಿನಾಗ ಚಂದಾಗಿ ಕಾಣಾಕತ್ತೈತಿ, ನೋಡವ್ವಾ.”

ದಾನಮ್ಮ ನೋಡಿದಳು. ಹೌದು, ಎಲ್ಲ ನೆಟ್ಟಗಿತ್ತು. ಮೇಲೆ ನೋಡಿದರೆ ಮೇಲೆ, ಕೆಳಗೆ ನೋಡಿದರೆ ಕೆಳಗೆ, ಒಂದು ಅಕ್ಷರವೂ ಮಸುಕಾಗಿರಲಿಲ್ಲ. ಹಾಗಿದ್ದರೆ ಕಣ್ಣಿಗೆ ಕಂಡದ್ದು ಚಿತ್ರಕ್ಕೆ ಯಾಕೆ ಬರಲಿಲ್ಲ?

ಈ ಫೋನು ಬೆಳಕಿಂಡಿ ಎಂಬ ಹೊಸ ಕಂಪನಿಯದು. ಊರಿಗೆ ಬಂದು ಮೂರು ತಿಂಗಳಾಗಿತ್ತಷ್ಟೇ. ಒಂದು ಸಲ ಚಾರ್ಜು ಹಾಕಿದರೆ ಹದಿನೈದು ದಿನ ನಡೆಯುತ್ತದೆ ಎಂಬ ಒಂದೇ ಮಾತಿಗೆ ಜನ ಮುಗಿಬಿದ್ದು ಕೊಂಡಿದ್ದರು. ನಿಶ್ಚಯದ ದಿನ ಶಿವಯೋಗಿಯೇ ಅದನ್ನು ಗಂಗಾಂಬಿಕಾಳಿಗೆ ಕೊಡಿಸಿದ್ದ. ತನಗೆ ಹಳೆಯದನ್ನೇ ಇಟ್ಟುಕೊಂಡು ಹೆಂಡತಿಯಾಗುವವಳಿಗೆ ಹೊಸದು ಕೊಡಿಸುವ ಹುಡುಗ. ಊರಲ್ಲಿ ದೀಪ ಹಚ್ಚಿ ಹುಡುಕಿದರೂ ಸಿಗಲಿಕ್ಕಿಲ್ಲ ಎಂದು ದಾನಮ್ಮ ಓಣಿಯ ತುಂಬ ಹೇಳಿಕೊಂಡು ಬಂದಿದ್ದಳು.

ಗಂಗಾಂಬಿಕಾ ಫೋನ್ ಆರಿಸಿ ಹಚ್ಚಿ ಎರಡನೆಯ ಸ್ಕ್ರೀನ್‌ಶಾಟ್ ತೆಗೆದಳು. ಅದೇ ಮಸುಕು, ಅದೇ ಕೆಳಗಿನ ಸಾಲು. ಫೋನಿನ ಕವಚ ಬಟನ್ನನ್ನು ಅಮುಕುತ್ತಿರಬಹುದೆಂದು ಅದನ್ನು ಕಿತ್ತು ಮೂರನೆಯದು ತೆಗೆದಳು. ಅದೂ ಅಷ್ಟೇ. ಬಟನ್ ಬಿಟ್ಟು ಮೂರು ಬೆರಳಿನಿಂದ ತೆರೆಯನ್ನು ಕೆಳಕ್ಕೆ ಸವರಿ ನಾಲ್ಕನೆಯದು ತೆಗೆದಳು. ನಾಲ್ಕರಲ್ಲೂ ಪ್ರೆಸ್ಸಿನ ಹೆಸರು ಬಿಟ್ಟರೆ ಮತ್ತೇನೂ ಇರಲಿಲ್ಲ.

“ಬರೂ ಗುರುವಾರ ಪತ್ರಿಕಿ ಕೈಯಾಗ ಇರಬೇಕು,” ಎಂದಳು ದಾನಮ್ಮ. “ಮೊದಲನೇದು ವೀರಭದ್ರದೇವರಿಗೆ ಇಡಬೇಕು. ಬೀಗರು ತಮ್ಮ ಪಾಲಿಂದು ಒಯ್ಯಾಕ ಬರತಾರ. ಈ ಫೋನು ಈಗ ಕೈ ಕೊಡಬೇಕ?”

ಗಂಗಾಂಬಿಕಾ ಫೋನನ್ನು ತಾಯಿಯ ಕೈಗೆ ಕೊಟ್ಟು ಕಂಪ್ಯೂಟರಿಗೆ ಮರಳಿದಳು.

*

ದಾವಲಸಾಬನ ಮೊಬೈಲ್ ರಿಪೇರಿ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗಿತ್ತು. ಅವನು ಮೂವತ್ತು ವರ್ಷದ ಹಿಂದೆ ರೇಡಿಯೋ ರಿಪೇರಿಯಿಂದ ಶುರು ಮಾಡಿದವನು. ದಾನಮ್ಮನ ಗಂಡನ ಗೆಳೆಯ, ಅವಳಿಗೆ ಅಣ್ಣನ ಸಮಾನ. ಎಂಥ ಫೋನು ತಂದರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವುದು ಅವನ ಹಳೆಯ ಚಾಳಿ. ಇದನ್ನೂ ಅಲ್ಲಾಡಿಸಿದ.

“ಜಾಗಾ ತುಂಬೈತೇನೋ ನೋಡೂಣು ತಂಗಿ. ಫೋನಿನಾಗ ಜಾಗಾ ಇಲ್ಲಂದ್ರ ಸ್ಕ್ರೀನ್‌ಶಾಟ್ ಅರ್ಧಾ ಬರತೈತಿ.”

ಜಾಗ ಬೇಕಾದಷ್ಟಿತ್ತು. ಕೆಲವು ಆ್ಯಪ್‌ಗಳು ಸ್ಕ್ರೀನ್‌ಶಾಟ್‌ಗೆ ಅಪ್ಪಣೆ ಕೊಡುವುದಿಲ್ಲ, ಅಂಥದ್ದೇನಾದರೂ ಇದೆಯೇ ನೋಡಿದ. ಅಪ್ಪಣೆ ಇತ್ತು. ಕೊನೆಗೆ ಎರಡು ಬಟನ್ ಒಟ್ಟಿಗೆ ಒತ್ತಿ ತಾನೇ ಒಂದು ತೆಗೆದ. ಪುಟವೆಲ್ಲ ಮಸುಕು, ಆದರೆ ಪ್ರೆಸ್ಸಿನ ಹೆಸರೂ ಮಸುಕು. ನಿಚ್ಚಳವಾಗಿ ಕಂಡದ್ದು ಮೇಲಿನ ಮೂಲೆಯ ಬ್ಯಾಟರಿ ಗುರುತು.

“ಇದರಪ್ಪನ, ತಕರಾರು ಜಾಗಾ ಬದಲು ಮಾಡತೈತಲ್ಲ!” ಎಂದು ದಾವಲಸಾಬ ತಲೆ ಕೆರೆದುಕೊಂಡ. “ನೀ ಒಂದು ತೆಗಿ ನೋಡೂಣು.”

ದಾನಮ್ಮ ಒತ್ತಿದಳು. ಅವಳದರಲ್ಲಿ ನಿಚ್ಚಳವಾಗಿ ಬಂದದ್ದು ಬೀಗರ ಹೆಸರು: ‘ಶ್ರೀ ಚನಮಲ್ಲಪ್ಪ ಗುರುಶಾಂತಪ್ಪ ಬಿದರಕುಂದಿ.’ ಒಂದೇ ಫೋನು, ಒಂದೇ ಪುಟ, ಮೂರು ಕೈಯಲ್ಲಿ ಮೂರು ಥರ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೋಡಿದರೆ ನೆಲವೇ ಒಬ್ಬೊಬ್ಬರಿಗೆ ಒಂದೊಂದು ಕಡೆ ಡೊಂಕಾಗಿತ್ತು.

“ನಿನಗೊಬ್ಬಾಕಿಗೆ ಅಲ್ಲ ತಂಗಿ,” ಎಂದ ದಾವಲಸಾಬ. “ಈ ತಿಂಗಳದಾಗ ಹದಿನೇಳು ಫೋನ್ ಬಂದಾವು. ಮಾಸ್ತರೊಬ್ಬರು ಪಾಠದ ಸ್ಕ್ರೀನ್‌ಶಾಟ್ ಕಳಿಸ್ರಿ ಅಂತ ಹುಡುಗೂರಿಗೆ ಹೇಳಿದ್ರಂತ. ಎಲ್ಲಾರದೂ ಮಸುಕು, ಪುಟದ ಮ್ಯಾಲಿನ ಗಡಿಯಾರ ಒಂದು ಸಾಫ್! ಗ್ಯಾಸಿನ ಬುಕ್ಕಿಂಗ್ ತೋರ್ಸಾಕ ಬಂದ ಒಬ್ಬಾಕಿದು ನಂಬರ ಬಿಟ್ಟು ಹೂವಿನ ಚಿತ್ರ ಬಂದೈತಿ. ಈಗ ಮಂದಿ ಒಂದು ಉಪಾಯ ಕಂಡ್ಹಿಡದಾರ. ಮನಿಮಂದಿ ನಾಕು ಜನ ಒಂದ ಫೋನಿಗೆ ಮುಖಾ ಹಚ್ಚಿ ನಿಂತು ತೆಗದ್ರ ನಾಕು ಕಡೆ ಸಾಫ್ ಬರತೈತಂತ. ಯಾಕಂತ ನನ್ನ ಕೇಳಬ್ಯಾಡ.”

“ಮತ್ತ ಯಾರನ್ನ ಕೇಳಬೇಕು?”

“ಹುಬ್ಬಳ್ಳಿಯಾಗ ಫೋನ್ ಕಂಪನಿಯವರದ ಪರೀಕ್ಷಾ ಕೇಂದ್ರ ಐತಿ. ಸೋಮವಾರ ಹೋಗಿ ಬಾ.” ಫೋನನ್ನು ವಾಪಸು ಕೊಡುವಾಗ ದಾವಲಸಾಬ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು, “ಗಂಗೂ ಹೆಂಗದಾಳ?” ಎಂದಷ್ಟೇ ಕೇಳಿದ. ಚೆನ್ನಾಗಿದ್ದಾಳೆ ಎಂದು ದಾನಮ್ಮ ಬಂದುಬಿಟ್ಟಳು.

ಶನಿವಾರ, ಭಾನುವಾರ ಮನೆಯಲ್ಲಿ ಲಗ್ನದ ಕೆಲಸ ನಡೆದೇ ಇತ್ತು. ಶ್ಯಾವಿಗೆ, ಸಂಡಿಗೆ, ಬಂಧುಗಳಿಗೆ ಆಯೇರಿ ಕೊಡುವ ಸೀರೆಗಳ ಪಟ್ಟಿ. ಗಂಗಾಂಬಿಕಾ ಹೇಳಿದ ಕೆಲಸವೆಲ್ಲ ಮಾಡಿದಳು. ಸೀರೆ ತೋರಿಸಿದರೆ ಚಲೋ ಐತಿ ಎಂದಳು. ಇನ್ನೊಂದು ತೋರಿಸಿದರೆ ಅದೂ ಚಲೋ ಐತಿ ಎಂದಳು. ಮಧ್ಯಾಹ್ನ ರೊಟ್ಟಿ ಬಡಿಯುವಾಗ ದಾನಮ್ಮ ಒಮ್ಮೆ ತಿರುಗಿ ನೋಡಿದರೆ, ಹುಡುಗಿ ಯಾವುದೋ ಹಳೆಯ ಕರಡು ಹಿಡಿದುಕೊಂಡು ತಿದ್ದುತ್ತಿದ್ದಳು. ಲಗ್ನ ಇಪ್ಪತ್ತೆರಡು ದಿನ ಇರುವಾಗ ಯಾರದೋ ಮನೆಯ ಗೃಹಪ್ರವೇಶದ ಕರಡು! ಬೈಯಬೇಕೆನಿಸಿತು. ಆದರೆ ಮಗಳನ್ನು ಕೆಲಸ ಮಾಡಿದ್ದಕ್ಕೆ ಬೈಯುವುದು ಹೇಗೆ?

*

ಹುಬ್ಬಳ್ಳಿಯ ಪರೀಕ್ಷಾ ಕೇಂದ್ರದಲ್ಲಿ ಇಂಚರ ಎಂಬ ಎಂಜಿನಿಯರ್ ಇದ್ದಳು. ಮೈಸೂರು ಕಡೆಯವಳು, ಮೂವತ್ತರ ಒಳಗಿನವಳು. ದೂರು ತಂದವರೆಲ್ಲ ಜಗಳ ತಂದಿರುತ್ತಾರೆಂದು ಅಭ್ಯಾಸವಾಗಿದ್ದ ಅವಳು, ದಾನಮ್ಮ ಕೂತು ನೀರು ಕುಡಿಯುವವರೆಗೂ ಬಾಗಿಲ ಹತ್ತಿರವೇ ನಿಂತಿದ್ದಳು. ದಾನಮ್ಮ ಜಗಳ ಆಡಲಿಲ್ಲ.

“ನಮ್ಮ ಮಗಳ ಲಗ್ನ ಐತ್ರಿ. ಇದು ಯಾಕ ಹಿಂಗ ಆಗತೈತಿ, ಅಷ್ಟು ಹೇಳಬಿಡ್ರಿ.”

“ಕೆಟ್ಟಿಲ್ಲ ಅಮ್ಮ, ಫೋನು ಸರಿಯಾಗೇ ಇದೆ. ಬನ್ನಿ, ತೋರಿಸ್ತೀನಿ.”

ಒಳಗೆ ಕತ್ತಲು ಮಾಡಿದ ಒಂದು ಕೋಣೆ. ಗದ್ದ ಇಟ್ಟುಕೊಳ್ಳಲು ಒಂದು ಆಸರೆ, ಎದುರಿಗೆ ಬೆಳಕಿಂಡಿ ಫೋನು, ಅದರ ಹಿಂದಿನ ಗೋಡೆಯ ಮೇಲೆ ಫೋನಿನಲ್ಲಿ ಬರುವುದೆಲ್ಲ ದೊಡ್ಡದಾಗಿ ಬೀಳುವ ವ್ಯವಸ್ಥೆ. ಕಣ್ಣಿನ ವೈದ್ಯರ ಕೋಣೆಯ ಹಾಗೇ ಇತ್ತು. ಇಂಚರ ತಾನು ಕೂತು ಫೋನಿನತ್ತ ನೋಡಿದಳು. ಗೋಡೆಯ ಮೇಲೆ ಇಡೀ ಪುಟ ಮಸುಕು. ಅದರ ನಡುವೆ ಬೆರಳಗಲದ ಒಂದು ಸ್ಪಷ್ಟ ಜಾಗ, ಅವಳ ಕಣ್ಣು ಹೋದಲ್ಲೆಲ್ಲ ಓಡಾಡುತ್ತಿತ್ತು.

“ನಮ್ಮ ಕಣ್ಣು ಯಾವಾಗಲೂ ಅಷ್ಟೇ ಅಮ್ಮ. ನೆಟ್ಟು ನೋಡಿದ ಒಂದು ಚೂರು ಮಾತ್ರ ಸ್ಪಷ್ಟವಾಗಿ ಕಾಣೋದು, ಉಳಿದದ್ದೆಲ್ಲ ಮಂಜೇ. ಆದರೆ ಕಣ್ಣು ಕ್ಷಣಕ್ಕೆ ಮೂರು ನಾಲ್ಕು ಸಲ ಜಿಗಿಯುತ್ತಲ್ಲ, ಅದಕ್ಕೇ ಎಲ್ಲವೂ ಕಾಣ್ತಿದೆ ಅಂದ್ಕೋತೀವಿ. ನಾವು ಯೋಚನೆ ಮಾಡಿದ್ವಿ, ಕಣ್ಣು ನೋಡದೇ ಇರೋ ಜಾಗಕ್ಕೆ ಬೆಳಕು ಯಾಕೆ ಸುಡಬೇಕು? ಅದಕ್ಕೆ ಈ ಫೋನು ನಿಮ್ಮ ಕಣ್ಣಪಾಪೆ ಹಿಂಬಾಲಿಸಿ, ಅದು ಬಿದ್ದ ಜಾಗವನ್ನಷ್ಟೇ ಬರೆಯುತ್ತೆ. ಉಳಿದ ಅಕ್ಷರಗಳು ತೆರೆ ಮೇಲೆ ಬಂದಿರೋದೇ ಇಲ್ಲ.”

“ಅಂದ್ರ ಸ್ಕ್ರೀನ್‌ಶಾಟ್ ತೆಗದಾಗ...”

“ಬಟನ್ ಒತ್ತಿದ ಕ್ಷಣಕ್ಕೆ ಕಣ್ಣು ಎಲ್ಲಿ ನಿಂತಿತ್ತೋ, ಅಷ್ಟೇ ಸಿಗುತ್ತೆ. ಇಲ್ಲದ್ದನ್ನ ಹಿಡಿಯೋದು ಹೇಗೆ? ಇದು ನಮಗೂ ಮೊದಲು ಹೊಳೀಲಿಲ್ಲ. ಇನ್ನು ಮೂರು ತಿಂಗಳಲ್ಲಿ ಸರಿ ಮಾಡ್ತೀವಿ.”

ದಾನಮ್ಮನಿಗೆ ಬ್ಯಾಟರಿ ಗುರುತು ಅರ್ಥವಾಯಿತು: ದಾವಲಸಾಬ ನೋಡಿದ್ದು ಅದನ್ನೇ. ಬೀಗರ ಹೆಸರೂ ಅರ್ಥವಾಯಿತು; ಅಲ್ಲಿ ಒಂದು ಅಕ್ಷರ ತಪ್ಪಿದರೂ ಬೀಗರು ಬಿಡುವವರಲ್ಲ ಎಂದು ಅವಳ ಕಣ್ಣು ಅಲ್ಲಿಗೇ ಹೋಗಿತ್ತು. ಪಾಠದ ಮಕ್ಕಳ ಗಡಿಯಾರವಂತೂ ಹೇಳುವುದೇ ಬೇಡ. ಅವಳಿಗೆ ನಗು ಬಂತು. ನಗು ಅರ್ಧಕ್ಕೆ ನಿಂತಿತು. ಹಾಗಾದರೆ ತನ್ನ ಮಗಳು ನಾಲ್ಕು ಸಲ, ನಾಲ್ಕಕ್ಕೆ ನಾಲ್ಕೂ ಸಲ, ತನ್ನ ಲಗ್ನಪತ್ರಿಕೆಯಲ್ಲಿ ತನ್ನ ಹೆಸರು ಬಿಟ್ಟು, ಗಂಡನಾಗುವವನ ಹೆಸರು ಬಿಟ್ಟು, ಮುದ್ರಕರ ಹೆಸರು ನೋಡುತ್ತಾ ಕೂತಿದ್ದಳೇ?

“ಅಕ್ಕಾರ, ಒಂದು ಮಾತು. ಕಣ್ಣು ಅಲ್ಲಿ ಯಾಕ ಹೋತು ಅಂತ ಈ ಮಷೀನಿಗೆ ಗೊತ್ತಾಗತೈತೇನ್ರಿ?”

ತನಗಿಂತ ಇಪ್ಪತ್ತು ವರ್ಷ ದೊಡ್ಡವಳು ಅಕ್ಕಾರ ಎಂದದ್ದಕ್ಕೆ ಇಂಚರ ಸ್ವಲ್ಪ ನಾಚಿದಳು. “ಎಲ್ಲಿ ಹೋಯ್ತು ಅಂತ ಗೊತ್ತಾಗುತ್ತೆ ಅಮ್ಮ. ಯಾಕೆ ಅಂತ ಹೇಗೆ ಗೊತ್ತಾಗುತ್ತೆ? ಅಭ್ಯಾಸ ಇರಬಹುದು, ಬೇಜಾರಿರಬಹುದು, ನೊಣ ಕೂತಿರಬಹುದು. ಈಗ ನೀವು ಕೂತ್ಕೊಳ್ಳಿ, ನಿಮ್ಮದೇ ನೋಡೋಣ.”

ದಾನಮ್ಮ ಗದ್ದ ಇಟ್ಟು ಕೂತಳು. ಮಗಳ ಪತ್ರಿಕೆಯ ಕರಡು ತೆರೆಯಿತು. ಅವಳು ಎಂದಿನಂತೆ ಓದಿದಳು. ಮುಗಿದ ಮೇಲೆ ಇಂಚರ ಗೋಡೆಯ ಮೇಲೆ ಅವಳ ಕಣ್ಣು ನಡೆದ ದಾರಿಯನ್ನು ಕೆಂಪು ಗೆರೆಯಲ್ಲಿ ಬರೆಸಿ, ಬೆರಗಾಗಿ ನಿಂತಳು.

“ಇದೇನಮ್ಮ, ನೀವು ಕೆಳಗಿಂದ ಮೇಲಕ್ಕೆ ಓದ್ತೀರಾ? ಅದೂ ಬಲದಿಂದ ಎಡಕ್ಕೆ, ಒಂದೊಂದೇ ಪದ!”

“ಹೌದ್ರಿ. ಕರಡು ತಿದ್ದಾವ್ರು ಹಂಗ ಓದಬೇಕ್ರಿ. ನೆಟ್ಟಗ ಓದಿದ್ರ ಅರ್ಥ ಮುಂದ ಓಡತೈತಿ, ತಪ್ಪು ಹಿಂದ ಉಳೀತೈತಿ. ನಮ್ಮ ಮಾವನವರು ಕಲಿಸಿದ್ದು. ನಾನು ಮಗಳಿಗೆ...”

ಮಾತು ಅಲ್ಲಿಗೇ ನಿಂತು ದಾನಮ್ಮನ ಮುಖ ಅರಳಿತು. ಹೌದಲ್ಲ! ಮಗಳಿಗೂ ಹಾಗೇ ಕಲಿಸಿದ್ದು ತಾನೇ ಅಲ್ಲವೇ? ಏಳನೆಯ ಇಯತ್ತೆಯಲ್ಲಿದ್ದಾಗಿನಿಂದ ಆ ಹುಡುಗಿ ಕರಡು ಓದುವುದು ಕೆಳಗಿಂದಲೇ. ಕೆಳಗಿಂದ ಎಂದರೆ ಮೊದಲು ಸಿಗುವುದು ಪ್ರೆಸ್ಸಿನ ಹೆಸರು. ಅಲ್ಲಿಂದ ಶುರು ಮಾಡಿ ಬಟನ್ ಒತ್ತಿದ್ದಾಳೆ, ಮುಗಿಯಿತು. ಮೂರು ದಿನ ತಲೆ ಕೆಡಿಸಿಕೊಂಡದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಇನ್ನೊಂದು ವಿಚಿತ್ರ ಇದೆ,” ಎಂದಳು ಇಂಚರ, ಗೋಡೆಯತ್ತಲೇ ನೋಡುತ್ತ. “ಸಾಮಾನ್ಯವಾಗಿ ಮನೆಯವರ ಹೆಸರು ಬಂದಾಗ ಕಣ್ಣು ಸ್ವಲ್ಪ ಹೊತ್ತು ನಿಲ್ಲುತ್ತೆ. ನೀವು ಎಲ್ಲ ಪದದ ಮೇಲೂ ಒಂದೇ ಅಳತೆಯಲ್ಲಿ ನಿಂತಿದ್ದೀರ. ಕಲ್ಯಾಣಮಂಟಪದ ವಿಳಾಸದ ಮೇಲೆ ಎಷ್ಟೋ, ಮಗಳ ಹೆಸರಿನ ಮೇಲೂ ಅಷ್ಟೇ. ತುಂಬ ಒಳ್ಳೇ ಪ್ರೂಫ್ ರೀಡರ್ ಅಮ್ಮ ನೀವು.”

ಹೊಗಳಿಕೆಗೆ ಹೇಳಿದ್ದು. ದಾನಮ್ಮನೂ ಹೊಗಳಿಕೆ ಎಂದೇ ತೆಗೆದುಕೊಂಡು ನಕ್ಕಳು. ಆದರೆ ಬಸ್ಸು ಅಣ್ಣಿಗೇರಿ ದಾಟುವಾಗ ಆ ಮಾತು ನೆನಪಾಗಿ, ಯಾಕೋ ಹೊಗಳಿದಂತೆ ಅನ್ನಿಸಲಿಲ್ಲ.

*

ಹೊರಡುವಾಗ ಇಂಚರ ಒಂದು ದಾರಿ ಹೇಳಿಕೊಟ್ಟಿದ್ದಳು. ಫೋನು ಒಟ್ಟಿಗೆ ನಾಲ್ಕು ಜನರ ಕಣ್ಣನ್ನು ಹಿಂಬಾಲಿಸಬಲ್ಲದು. ನಿಮ್ಮ ಕಟ್ಟಳೆ ಬಿಡಲಾಗದಿದ್ದರೆ ತಾಯಿ ಮಗಳು ಸೇರಿ ನೋಡಿ, ಮುಖ್ಯವಾದ ಎರಡು ಜಾಗವಾದರೂ ಬರುತ್ತದೆ ಎಂದು. ಮಂಗಳವಾರ ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆರೆದು ಕಸ ಗುಡಿಸಿ ಊದಿನಕಡ್ಡಿ ಹಚ್ಚಿದ ಮೇಲೆ ದಾನಮ್ಮ ಮಗಳನ್ನು ಕರೆದಳು. ಕಣ್ಣಿನ ವಿಷಯ ಪೂರ್ತಿ ಬಿಡಿಸಿ ಹೇಳಿದಳು.

“ನೀ ಪ್ರೆಸ್ಸಿನ ಹೆಸರಿನಿಂದ ಓದಾಕ ಚಾಲೂ ಮಾಡಿ, ಅದಕ್ಕ ಹಂಗ ಬಂದೈತಿ. ನನಗ ಗೊತ್ತಾತು. ಈಗ ಹಿಂಗ ಮಾಡೂಣು. ಕೆಳಗಿಂದು ನಾ ನೋಡತೀನಿ. ನೀ ಮ್ಯಾಲೆ, ಹೆಸರಿನ ಮ್ಯಾಲೆ ಕಣ್ಣಿಡು. ನಿಂದು, ಆಂವಂದು. ಓದಬ್ಯಾಡ, ಸುಮ್ನ ಕಣ್ಣಿಡು.”

ಗಂಗಾಂಬಿಕಾ ತಾಯಿಯ ಮುಖ ನೋಡಿದಳು. ಅವಳ ಕೆನ್ನೆಯ ಬಣ್ಣ ಇಳಿದದ್ದು ದಾನಮ್ಮನಿಗೆ ಕಾಣಲಿಲ್ಲ. ಅವಳು ಆಗಲೇ ಫೋನಿನ ಕೆಳಭಾಗಕ್ಕೆ ಕಣ್ಣು ನೆಟ್ಟಾಗಿತ್ತು. ತಾಯಿ ಮಗಳು ಕೆನ್ನೆಗೆ ಕೆನ್ನೆ ತಾಗಿಸಿ ನಿಂತರು. ಹುಡುಗಿಯ ತಲೆಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ. ಇಷ್ಟು ಹತ್ತಿರ ನಿಂತು ಎಷ್ಟು ದಿನವಾಗಿತ್ತೋ.

“ಒತ್ತಲ್ಯಾ?”

“ಒತ್ತು.”

ಮಗಳ ಕೈಯಿಂದ ಐದನೆಯ ಸ್ಕ್ರೀನ್‌ಶಾಟ್ ಬಂತು. ಮೇಲಿನ ಅರ್ಧವೆಲ್ಲ ಮಸುಕು. ಚಿ.ಕುಂ.ಸೌ. ಗಂಗಾಂಬಿಕಾ ಇದ್ದಲ್ಲಿ ಒಂದು ಬೂದು ಮೋಡ, ಚಿ. ಶಿವಯೋಗಿ ಇದ್ದಲ್ಲಿ ಇನ್ನೊಂದು. ಕೆಳಗೆ ಎರಡು ಜಾಗ ನಿಚ್ಚಳವಾಗಿದ್ದವು. ಒಂದು ‘ಸುಖಾಗಮನ ಬಯಸುವವರು’, ಅದು ದಾನಮ್ಮನದು. ಇನ್ನೊಂದು ತೀರ ಕೆಳಗೆ, ಹೊಂಬಳ ಪ್ರಿಂಟಿಂಗ್ ಪ್ರೆಸ್.

ದಾನಮ್ಮ ಬಹಳ ಹೊತ್ತು ಅದನ್ನೇ ನೋಡಿದಳು. ಕೆಳಗಿಂದ ಓದುವ ಅಭ್ಯಾಸ ಎನ್ನುವ ಹಾಗಿರಲಿಲ್ಲ. ಓದಬೇಡ, ಹೆಸರು ನೋಡು ಎಂದು ಬಾಯಿಬಿಟ್ಟು ಹೇಳಿದ್ದಳು. ಹೇಳಿದ ಮೇಲೂ ನೋಡಲಿಲ್ಲವೆಂದರೆ ಏನರ್ಥ? ಹಠವೇ? ಹುಡುಗನಲ್ಲಿ ಏನೋ ಕಂಡಿದ್ದಾಳೆಯೇ? ಬೇರೆ ಯಾರಾದರೂ ಇದ್ದಾನೆಯೇ? ಇಲ್ಲ, ಆ ಎಂಜಿನಿಯರ್ ಹುಡುಗಿಗೇ ತನ್ನ ಮಷೀನು ತಿಳಿದಿಲ್ಲವೇ? ಒಂದು ಮನಸ್ಸು ಮತ್ತೆ ಹುಬ್ಬಳ್ಳಿಗೆ ಹೋಗು ಎಂದಿತು. ಇನ್ನೊಂದು, ಸುಮ್ಮನೆ ಮಷೀನು ತಿರುಗಿಸಿಬಿಡು, ಲಗ್ನವಾದ ಮೇಲೆ ಎಲ್ಲ ಸರಿಹೋಗುತ್ತದೆ ಎಂದಿತು. ಸರಿಹೋಗುತ್ತದೆ ಎಂದು ಅವಳ ಲಗ್ನದಲ್ಲಿ ಅವಳಿಗೂ ಯಾರೋ ಹೇಳಿದ್ದರು. ಸರಿಹೋಗಿತ್ತು ಕೂಡ, ಸುಳ್ಳಾಡಬಾರದು. ಆದರೆ ಸರಿಹೋಗಲು ಹನ್ನೊಂದು ವರ್ಷ ಹಿಡಿದಿತ್ತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ದಾನಮ್ಮನೂ ಬಸ್ ಸ್ಟ್ಯಾಂಡಿಗೆ ಹೋಗಿ ಕೇಳಿದಳು, ಹುಬ್ಬಳ್ಳಿಗೆ ಹೋಗಿ ಕೇಳಿದಳು, ಫೋನನ್ನು ಕೇಳಿದಳು, ಗೋಡೆಯನ್ನು ಕೇಳಿದಳು. ಕೆನ್ನೆಗೆ ಕೆನ್ನೆ ತಾಗಿಸಿ ನಿಂತವಳನ್ನು ಕೇಳಿರಲಿಲ್ಲ.

“ಗಂಗೂ,” ಎಂದಳು. “ನಿನಗ ಈ ಲಗ್ನ ಮನಸಿಗೆ ಐತೇನು?”

ಗಂಗಾಂಬಿಕಾ ಕತ್ತರಿಸುವ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು.

“ಅವ್ವಾ, ನಿನ್ನಾಣಿ, ನಾ ಹೆಸರನ್ನ ನೋಡಾಕತ್ತಿದ್ದೆ. ನೀ ಹೇಳಿದಲ್ಲೇ ನೋಡಾಕತ್ತಿದ್ದೆ. ಬಟನ್ ಒತ್ತೂ ಮುಂದ ಕಣ್ಣು ತಾನ ಕೆಳಗ ಬರತೈತಿ. ನಾಕೂ ಸಲ ಹಂಗ ಆತು. ಫೋನ್ ಕೆಟ್ಟೈತಿ ಅಂತ ನಾನೂ ಅನ್ಕೊಂಡೆ. ನೀ ಹೋಗೂದಕ್ಕಿಂತ ಎರಡು ದಿನಾ ಮೊದಲ ದಾವಲಸಾಬ ಕಾಕಾನ ಹತ್ರ ಹೋಗಿದ್ದೆ.”

“ದಾವಲಣ್ಣನ ಹತ್ರ? ಕರಡು ಕಳಿಸಿದ್ದ ಶುಕ್ರವಾರ ಅಲ್ಲೇನು?”

“ನೀ ಕಳಿಸೂದಕ್ಕೂ ಮೊದಲ ನಾನ ಟೈಪ್ ಮಾಡಿದ್ದಲ್ಲ ಅದನ್ನ. ಬುಧವಾರನ ತೆಗದು ನೋಡಿದ್ದೆ. ಆಂವಗ ಕಳಿಸೂಣು ಅಂತ, ನಮ್ಮ ಹೆಸರು ಜೋಡೀಲೆ ಹೆಂಗ ಕಾಣತಾವು ನೋಡು ಅಂತ. ಆವಾಗೂ ಹಿಂಗ ಬಂತು. ಕಾಕಾ ಎಲ್ಲಾ ನೋಡಿ, ‘ನಿಮ್ಮ ಹೆಸರೆಲ್ಲಾ ಅಳಿಸಿ ಪ್ರೆಸ್ಸಿಂದು ಒಂದ ಉಳದೈತಿ, ಇದನ್ನ ನಿಮ್ಮ ಅವ್ವಗ ಹೇಳಬೇಕೋ ಬ್ಯಾಡೋ ನನಗ ತಿಳಿಯವಲ್ದು’ ಅಂದ.”

ದಾನಮ್ಮ ಎದುರಿಗಿದ್ದ ಕಾಗದದ ರಿಮ್ಮಿನ ಮೇಲೆ ಕೂತಳು. ಮೂವತ್ತು ವರ್ಷದಲ್ಲಿ ಕಾಗದದ ಮೇಲೆ ಕೂತದ್ದು ಅದೇ ಮೊದಲು. ಲಕ್ಷ್ಮಿ, ಸರಸ್ವತಿ ಏನೂ ನೆನಪಾಗಲಿಲ್ಲ.

“ಹುಡುಗ ಏನರ ಅಂದಾನೇನು?”

“ಇಲ್ಲ. ಆಂವ ಚಲೋ ಅದಾನ. ಮಾತಿನಾಗೂ ಚಲೋ ಅದಾನ. ಬ್ಯಾಡ ಅನ್ನಾಕ ನನ್ನ ಹತ್ರ ಒಂದ ಕಾರಣಾನೂ ಇಲ್ಲವ್ವಾ.”

“ಮತ್ತ ಹೂಂ ಅನ್ನಾಕ?”

ಹುಡುಗಿ ತನ್ನ ಬೆರಳಿಗೆ ಹತ್ತಿದ್ದ ಮಸಿಯನ್ನು ಉಗುರಿನಿಂದ ಕೆರೆಯತೊಡಗಿದಳು. “ಗೊತ್ತಿಲ್ಲ. ಪ್ರೆಸ್ ಬಿಟ್ಟು ಹೋಗೂದು ಸಂಕಟ ಆಗಾಕತ್ತೈತೋ, ಲಗ್ನಾನ ಬ್ಯಾಡೋ, ಬರೇ ಅಂಜಿಕಿಯೋ, ಖರೇನ ಗೊತ್ತಿಲ್ಲ. ಯಾರೂ ನನ್ನ ಕೇಳಲಿಲ್ಲ. ಹಿಂಗಾಗಿ ನಾನೂ ನನ್ನ ಕೇಳ್ಕೊಳ್ಳಲಿಲ್ಲ. ಎಲ್ಲಾರೂ ಖುಷಿಯಾಗಿದ್ರಿ. ನಾನೂ ಆಗೇನಿ ಅನ್ಕೊಂಡಿದ್ದೆ.”

ದಾನಮ್ಮನಿಗೆ ಸಿಟ್ಟು ಬರಬೇಕಿತ್ತು. ಮಂಟಪ ಹಿಡಿದಾಗಿದೆ, ಸೀರೆ ತಂದಾಗಿದೆ, ಓಣಿಗೆಲ್ಲ ಹೇಳಿಯಾಗಿದೆ. ಈಗ ಬಂದು ಗೊತ್ತಿಲ್ಲ ಅಂದರೆ ಯಾವ ತಾಯಿಗೆ ಸಿಟ್ಟು ಬರುವುದಿಲ್ಲ? ಬಂತು ಕೂಡ. ಆದರೆ ಅದು ಮಗಳ ಕಡೆಗೆ ಹೊರಟದ್ದು ಅರ್ಧದಾರಿಯಲ್ಲಿ ತಿರುಗಿ ತನ್ನ ಮೇಲೇ ಬಂತು. ಸಾವಿರಾರು ಜನರ ಪತ್ರಿಕೆಯಲ್ಲಿ ಬಿಟ್ಟುಹೋದ ಒಂದು ಚುಕ್ಕೆಯನ್ನು ಹಿಡಿದವಳು ತಾನು. ಮನೆಯೊಳಗೆ ಇ‍ಡೀ ಒಂದು ಹುಡುಗಿ ಬಿಟ್ಟುಹೋದದ್ದು ಹೇಗೆ ಕಾಣಲಿಲ್ಲ?

“ಈಗೇನು ಮಾಡೂದವ್ವಾ?” ಎಂದಳು ಗಂಗಾಂಬಿಕಾ. ಚಿಕ್ಕವಳಿದ್ದಾಗ ಬಳಪ ಮುರಿದರೆ ಕೇಳುತ್ತಿದ್ದ ದನಿ.

“ನನಗೂ ಗೊತ್ತಿಲ್ಲ,” ಎಂದಳು ದಾನಮ್ಮ. ಅದು ಸತ್ಯವಾಗಿತ್ತು. ಬೇಡ ಎಂದಿದ್ದರೆ ಬೇಡ ಎನ್ನಬಹುದಿತ್ತು, ಬೇಕು ಎಂದಿದ್ದರೆ ಮಷೀನು ತಿರುಗಿಸಬಹುದಿತ್ತು. ಗೊತ್ತಿಲ್ಲ ಎಂಬುದಕ್ಕೆ ಏನು ಮಾಡಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. “ನಿನಗ ಎಷ್ಟು ದಿನಾ ಬೇಕು?”

“ಅದೂ ಗೊತ್ತಿಲ್ಲ.”

ಅಷ್ಟರಲ್ಲಿ ದಾನಮ್ಮನ ಫೋನು ಬಡಿದುಕೊಂಡಿತು. ವಿಜಯಪುರದಿಂದ ಚನಮಲ್ಲಪ್ಪ, ಶಿವಯೋಗಿಯ ತಂದೆ. ತಾಯಿ ಮಗಳು ಇಬ್ಬರೂ ಅದನ್ನು ನೋಡಿದರು. ಮೂರು ಸಲ ಬಡಿದುಕೊಳ್ಳುವವರೆಗೆ ಯಾರೂ ಕೈ ಹಾಕಲಿಲ್ಲ. ನಾಲ್ಕನೆಯ ಸಲಕ್ಕೆ ದಾನಮ್ಮ ಎತ್ತಿಕೊಂಡಳು.

“ಶರಣ್ರಿ ಅಕ್ಕಾರ,” ಎಂದ ಚನಮಲ್ಲಪ್ಪನ ದನಿ ದೊಡ್ಡದು. ಕಿವಿಗೆ ಹಿಡಿದರೂ ಕೋಣೆಗೆಲ್ಲ ಕೇಳುತ್ತಿತ್ತು. “ಪತ್ರಿಕಿ ಪ್ರಿಂಟ್ ಆದುವೇನ್ರಿ? ಗುರುವಾರ ನಸಿಕಿನಾಗ ಗಾಡಿ ತಗೊಂಡು ಹೊಂಡತೀವಿ.”

“ಶರಣ್ರಿ ಬೀಗರ. ಇಲ್ಲ್ರಿ, ಪ್ರಿಂಟ್ ಆಗಿಲ್ಲ.”

“ಹುಡುಗ ಹೇಳಿದ ಆ ಫೋನಿಂದು ತಕರಾರು ಇನ್ನೂ ಮುಗೀಲಿಲ್ಲೇನ್ರಿ? ನಮ್ಮ ಹುಡುಗನ ಕೊಡಿಸಿ ತಪ್ಪು ಮಾಡಿದ ನೋಡ್ರಿ!” ಎಂದು ನಕ್ಕ.

ಒಂದು ಸುಳ್ಳು ತುದಿನಾಲಿಗೆಯ ಮೇಲೇ ಇತ್ತು. ಹೌದ್ರಿ, ಫೋನೇ ಕೆಟ್ಟಿದೆ, ಕಂಪನಿಯವರು ಮೂರು ತಿಂಗಳು ಅಂದಿದ್ದಾರೆ ಎಂದರೆ ಯಾರೂ ಸಂಶಯ ಪಡುವಂತಿರಲಿಲ್ಲ. ಮೂರು ತಿಂಗಳು ಸಿಕ್ಕುತ್ತಿತ್ತು. ದಾನಮ್ಮ ಉಸಿರು ಎಳೆದುಕೊಂಡಳು.

“ಫೋನಿಂದು ಏನೂ ತಕರಾರಿಲ್ಲ್ರಿ. ಫೋನ್ ಸರಿ ಐತಿ. ನಮ್ಮ ಹುಡುಗಿ ಇನ್ನೂ ಹೂಂ ಅಂದಿಲ್ಲ್ರಿ.”

ಆ ಕಡೆ ನಗು ನಿಂತಿತು. ಯಾರನ್ನೋ ಸುಮ್ಮನಿರಲು ಹೇಳಿದ್ದು ಕೇಳಿಸಿತು. ಟಿ.ವಿ. ಆರಿತು.

“ಏನಂದ್ರಿ? ಅಂದಿಲ್ಲಂದ್ರ? ನಾವು ಹದಿನಾಲ್ಕು ಮಂದಿ ನಿಮ್ಮ ಮನಿಗೆ ಬಂದು ಕುಂತಾಗ, ಎಲ್ಲಾರ ಮುಂದ ಹೂಂ ಅಂದ್ರಲ್ಲ. ಹೂಂ ಅಂದಾರು ಯಾರ್ರಿ ಮತ್ತ?”

ದಾನಮ್ಮ ಮಗಳ ಕಡೆ ನೋಡಿದಳು. ಈ ಸಲ ಅಳತೆ ಇಲ್ಲದೆ ನೋಡಿದಳು. ಹುಡುಗಿಯೂ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದಳು.

“ನಾನ್ರಿ,” ಎಂದಳು ದಾನಮ್ಮ. “ಅಕಿ ಅಲ್ಲ. ನಾನ ಅಂದಿದ್ದು.”